ಕೂಪರ್ ಕವಿಯ ದೌರ್ಬಲ್ಯವೂ ಬಲವೂ

ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ತನ್ನ ಶರೀರದಲ್ಲಿ ನಾಟಿದ ಮುಳ್ಳೊಂದರ ಮಾತನ್ನೆತ್ತುತ್ತಾನೆ. ಅದನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿದರೂ ಮುಳ್ಳು ಹೋಗಲಿಲ್ಲ. ಅದನ್ನು ಹೊತ್ತುಕೊಂಡೇ ಬಾಳುವುದಕ್ಕೆ ಬೇಕಾದ ಕೃಪೆಯು ಮಾತ್ರ ದೊರೆಯಿತು. ಇದನ್ನು ಬೋಧಿಸುವುದು ಸುಲಭ. ಇದು ಒಬ್ಬ ಮನುಷ್ಯನ ಬಾಳಿನಲ್ಲಿ ಎಂತಹ ರೂಪವನ್ನು ತಾಳೀತೆಂಬುದನ್ನು ತಿಳಿಯಬೇಕಾದರೆ ಆಂಗ್ಲ ಕವಿ ವಿಲಿಯಂ ಕೂಪರನ ಚರಿತ್ರೆಯನ್ನು ನೋಡಬೇಕು.

ಕೂಪರನು 1731ರಲ್ಲಿ ಹುಟ್ಟಿದನು. ಆರು ವರ್ಷ ತುಂಬುವಷ್ಟರಲ್ಲಿ ತಾಯಿಯನ್ನು ಕಳೆದುಕೊಂಡನು. ನ್ಯಾಯಶಾಸ್ತ್ರವನ್ನು ಓದುತ್ತಿದ್ದ ಯೌವನದಲ್ಲಿಯೇ ವಿಷಾದವು ಅವನನ್ನು ಹಿಡಿಯಿತು. 1763ರಲ್ಲಿ ಪ್ರಭುಸಭೆಯ ಕಚೇರಿಯಲ್ಲಿ ಒಂದು ಉದ್ಯೋಗವು ದೊರೆಯುವಂತಿದ್ದಿತು. ಆದರೆ ಅದಕ್ಕಾಗಿ ಸಭೆಯ ಮುಂದೆ ನಿಂತು ಪರೀಕ್ಷೆಗೊಳಗಾಗಬೇಕಾಗಿದ್ದಿತು. ಆ ಭೀತಿಯಿಂದಲೇ ಬುದ್ಧಿ ಕದಡಿ, ಪ್ರಾಣವನ್ನು ಕಳೆದುಕೊಳ್ಳಲು ಹವಣಿಸಿದನು. ಬಂಧುಗಳು ಅವನನ್ನು ಸೇಂಟ್ ಆಲ್ಬನ್ಸಿನಲ್ಲಿ ಡಾಕ್ಟರ್ ಕಾಟನನ ಆರೈಕೆಗೆ ಒಪ್ಪಿಸಿದರು. ಅಲ್ಲಿ 1764ರಲ್ಲಿ, ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ ಮೂರನೆಯ ಅಧ್ಯಾಯವನ್ನು ಓದುತ್ತಿರುವಾಗ, ಕ್ರಿಸ್ತನ ಪ್ರಾಯಶ್ಚಿತ್ತವು ತನಗೂ ಸಲ್ಲುವುದೆಂಬ ನಂಬಿಕೆಯು ಅವನಿಗೆ ಉಂಟಾಯಿತು. ಗುಣಹೊಂದಿ ಹಂಟಿಂಗ್‌ಡನ್ನಿನ ಅನ್ವಿನ್ ಕುಟುಂಬದವರೊಡನೆ ನೆಲಸಿದನು. 1767ರಲ್ಲಿ ಮನೆಯ ಯಜಮಾನನು ತೀರಿಕೊಳ್ಳಲು, ವಿಧವೆಯಾದ ಮೇರಿ ಅನ್ವಿನಳೊಡನೆ ಓಲ್ನಿ ಎಂಬ ಊರಿಗೆ ಬಂದನು.

ಲೇಸುಪಟ್ಟಿ ಹೆಣೆದು ಹೊಟ್ಟೆ ಹೊರೆಯುವ ಬಡವರೇ ಅಲ್ಲಿ ಹೆಚ್ಚು. ಒಂದು ಕಾಲಕ್ಕೆ ಗುಲಾಮರ ಹಡಗಿನ ನಾಯಕನಾಗಿದ್ದ ಜಾನ್ ನ್ಯೂಟನ್ ಅಲ್ಲಿಯ ಪಾದ್ರಿ. ಆ ಜನರ ಪ್ರಾರ್ಥನಾಕೂಟಗಳಿಗಾಗಿ ಮಿತ್ರರಿಬ್ಬರೂ ಕೀರ್ತನೆಗಳನ್ನು ರಚಿಸತೊಡಗಿದರು. ಅಷ್ಟರಲ್ಲಿ, 1773ರ ಆರಂಭದಲ್ಲಿ, ಹಳೆಯ ರೋಗವು ಮರುಕಳಿಸಿತು. ದೇವರು ತನ್ನೊಬ್ಬನನ್ನು ಮಾತ್ರ ಶಾಶ್ವತವಾಗಿ ತಳ್ಳಿಬಿಟ್ಟಿರುವನೆಂದು ಸ್ವಪ್ನವೊಂದರಿಂದ ಕೂಪರನು ನಿಶ್ಚಯಿಸಿಕೊಂಡನು. ನ್ಯೂಟನನು ಅವನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲಿಟ್ಟುಕೊಂಡು ಕಾದನು. ಕವಿಯಾದರೋ ಮತ್ತೆಂದೂ ದೇವಾಲಯದ ಆರಾಧನೆಗೆ ಹೋಗಲಿಲ್ಲ. 1779ರಲ್ಲಿ ಓಲ್ನಿಯ ಕೀರ್ತನೆಗಳು ಪುಸ್ತಕವಾಗಿ ಹೊರಟಾಗ ಸುಮಾರು 350ರಲ್ಲಿ ಅರುವತ್ತಕ್ಕೂ ಮಿಕ್ಕವು ಅವನವು. ಪರರು ಅವುಗಳನ್ನು ಹಾಡಿ ಸಮಾಧಾನ ಪಡೆಯುತ್ತಿದ್ದರು; ಬರೆದವನೋ, ಅವುಗಳಲ್ಲಿ ಹೇಳಿದ ಕೃಪೆಯು ತನಗಿಲ್ಲವೆಂದು ಮನೆಯಲ್ಲಿ ಕುಳಿತಿದ್ದನು.

ನ್ಯೂಟನನ ಉಗ್ರಭಕ್ತಿಯೇ ಅವನನ್ನು ಕೆಡಿಸಿತೆಂದು ದೂರಿದವರುಂಟು. ಇವರ ಪರಿಚಯಕ್ಕಿಂತ ವರ್ಷಗಳ ಮೊದಲೇ ರೋಗವು ತಲೆದೋರಿದ್ದಿತಾದುದರಿಂದ ಈ ದೂರು ನಿಲ್ಲದು. ಧರ್ಮವು ರೋಗವನ್ನು ಹುಟ್ಟಿಸಲಿಲ್ಲ. ರೋಗವೇ ಧರ್ಮದ ಮಾತುಗಳನ್ನು ತನ್ನ ಆಯುಧಗಳನ್ನಾಗಿ ಮಾಡಿಕೊಂಡಿತೆನ್ನಬೇಕು.

ಹಾಗೆ ಹತಾಶನಾದವನು ಕೈಕಟ್ಟಿ ಕುಳಿತನೇ? ಮೂರು ಮೊಲಗಳನ್ನು ಸಾಕಿದನು, ತೋಟ ಮಾಡಿದನು, ಬಡಗಿಯ ಕೆಲಸಕ್ಕೂ ಕೈಹಾಕಿದನು. ನಾಡನ್ನೆಲ್ಲ ನಗಿಸಿದ ಜಾನ್ ಗಿಲ್ಪಿನನ ಕಥೆಯು 1782ರದು. ಅಂತಹ ಹಾಸ್ಯದ ಪಂಕ್ತಿಗಳನ್ನು ಅತ್ಯಂತ ದುಃಖದ ಹೊತ್ತಿನಲ್ಲಿಯೇ ಬರೆದುದಾಗಿ ಅವನು ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾನೆ. 1785ರಲ್ಲಿ ‘ಟಾಸ್ಕ್’ ಎಂಬ ಮಹಾಕೃತಿಯು ಪ್ರಕಟವಾಯಿತು. 1788ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಗುಲಾಮನ ಬಾಯಿಂದಲೇ ನುಡಿಸಿದ ಪದ್ಯವನ್ನು ರಚಿಸಿದನು. ತನ್ನನ್ನು ಇಷ್ಟು ಕಾಲ ಸಲಹಿದ ಮೇರಿಗೆ ಪಾರ್ಶ್ವವಾಯು ಬಡಿದಾಗ ತಾನೇ ಅವಳ ಶುಶ್ರೂಷೆಗೆ ನಿಂತನು.

ಅವಳು 1796ರಲ್ಲಿ ಮೃತಳಾದಳು. 1799ರಲ್ಲಿ, ಸಮುದ್ರದ ಪಾಲಾದ ನಾವಿಕನೊಬ್ಬನಿಗೆ ತನ್ನನ್ನು ಹೋಲಿಸಿಕೊಂಡು ಬರೆದ ಪದ್ಯದಲ್ಲಿಯೂ ಆಶೆಯ ಕಿರಣವಿಲ್ಲ. 1800ರ ಏಪ್ರಿಲ್ 25ರಂದು ಈಸ್ಟ್ ಡಿರಮಿನಲ್ಲಿ ಕೂಪರನು ಕಣ್ಮುಚ್ಚಿದನು. ಅವನ ಮುಖದಲ್ಲಿ ಶಾಂತಿಯೊಡನೆ ಒಂದು ಪವಿತ್ರವಾದ ವಿಸ್ಮಯವೂ ಬೆರೆತಿದ್ದಿತೆಂದು ಹತ್ತಿರವಿದ್ದ ಬಂಧು ಜಾನ್ ಜಾನ್ಸನ್ ಬರೆದಿಟ್ಟಿದ್ದಾನೆ. ಪ್ರೀತಿಯ ಕಣ್ಣಿಗೆ ಕಂಡುದು ಚರಿತ್ರೆಗೆ ಪ್ರಮಾಣವಾಗದಿರಬಹುದು. ಆದರೂ ಅವನ ಚರಿತ್ರೆಯನ್ನು ಬರೆದವರು ಆ ಮಾತನ್ನು ಬಿಡಲಾರದೆ ಹೋಗಿದ್ದಾರೆ.