ಮಾತೇರಾ ನಗರದ ಗವಿಮನೆಗಳು

ಗವಿ ಎಂಬ ಮಾತನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ತಪಸ್ಸು. ಕೊಪ್ಪಳದ ಗವಿಮಠವಾಗಲಿ, ಶ್ರೀಶೈಲದ ಕದಳಿಯಲ್ಲಿ ಅಕ್ಕಮಹಾದೇವಿಯ ಹೆಸರಿನಿಂದ ತೋರಿಸುವ ಗವಿಯಾಗಲಿ, ಲೋಕದ ಗದ್ದಲದಿಂದ ದೂರ ಸರಿದವರ ನೆಲೆಯೆಂದೇ ನಮ್ಮ ಭಾವನೆ. ಬಸವಕಲ್ಯಾಣದಲ್ಲಿ ಹಗ್ಗ ಹೊಸೆದು ದಾಸೋಹ ನಡೆಸಿದ ನುಲಿಯ ಚಂದಯ್ಯನ ಹೆಸರಿನ ಗವಿಯೂ ಉಂಟು. ದುಡಿಯುವವನಿಗೂ ಗವಿ ಸಲ್ಲುತ್ತದೆಂಬುದಕ್ಕೆ ಅದೊಂದು ಕುರುಹು. ಆದರೆ ಇಡಿಯ ಒಂದು ನಗರವೇ ಗವಿಗಳಲ್ಲಿ ಬೆಳೆದು, ತಲೆತಲಾಂತರಗಳಿಂದ ಅಲ್ಲಿಯೇ ತೊಟ್ಟಿಲು ತೂಗಿ, ಹಿಟ್ಟು ನಾದಿ, ದನಕರುಗಳನ್ನು ಕಟ್ಟಿಕೊಂಡು ಸಂಸಾರ ನಡೆಸಿದ ಸಂಗತಿ ನಮ್ಮವರಲ್ಲಿ ಹೆಚ್ಚು ಜನರಿಗೆ ತಿಳಿಯದು. ದಕ್ಷಿಣ ಇಟಲಿಯ ಮಾತೇರಾ ಅಂತಹ ನಗರ. ಅಲ್ಲಿಯ ಗವಿಮನೆಗಳನ್ನು ಬರಿದುಮಾಡಬೇಕೆಂದು 1952ರಲ್ಲಿ ಆ ದೇಶದ ಸರ್ಕಾರ ಕಾನೂನು ಮಾಡಿತು. 41 ವರ್ಷಗಳ ತರುವಾಯ, 1993ರಲ್ಲಿ, ಅವೇ ಗವಿಗಳು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿದವು. ಒಂದೇ ಕಲ್ಲಿನ ಮೇಲೆ ಇಂತಹ ಎರಡು ತೀರ್ಪುಗಳು ಹೇಗೆ ಬಂದವೆಂಬುದು ವಿಚಾರಮಾಡತಕ್ಕ ವಿಷಯ.

ಇಟಲಿಯನ್ನು ಬೂಟಿಗೆ ಹೋಲಿಸುವುದು ರೂಢಿ. ಆ ಬೂಟಿನ ಹಿಮ್ಮಡಿಗೂ ಮುಂಗಾಲಿಗೂ ನಡುವೆ ಬಾಗಿರುವ ಭಾಗವೇ ಬಸಿಲಿಕಾತಾ ಪ್ರಾಂತ. ಪ್ರಾಚೀನರು ಇದನ್ನು ಲುಕಾನಿಯಾ ಎಂದು ಕರೆಯುತ್ತಿದ್ದರು. ಕಡಲತೀರದ ಬಾರಿ ನಗರದಿಂದ ಸಣ್ಣ ಹಳಿಯ ರೈಲಿನಲ್ಲಿ ಬರುವ ಯಾತ್ರಿಕನಿಗೆ ಮೊದಲು ಕಾಣುವುದು ಎಲ್ಲ ಊರುಗಳಂತೆಯೇ ಇರುವ ಹೊಸ ಬೀದಿಗಳು, ಅಂಗಡಿಗಳು, ಮಹಡಿಮನೆಗಳು. ಗವಿಗಳು ಎಲ್ಲಿ ಎಂದು ಆತ ಬೆರಗಾಗಬೇಕು. ಊರ ನಡುವಣ ವಿತ್ತೋರಿಯೊ ವೆನೆತೊ ಚೌಕವನ್ನು ದಾಟಿ ಅಂಚಿಗೆ ಹೋಗಿ ಕೆಳಗೆ ಬಗ್ಗಿದಾಗಲೇ ಹಳೆಯ ಊರು ಕಾಣಿಸುತ್ತದೆ. ನೆಲವು ಎರಡು ದೊಡ್ಡ ಬೋಗುಣಿಗಳಂತೆ ತಗ್ಗಿ ಇಳಿದಿದೆ. ಇವಕ್ಕೆ ಸಾಸ್ಸಿ ಎಂದು ಹೆಸರು. ಕಲ್ಲುಗಳು ಎಂದಷ್ಟೇ ಆ ಪದದ ಅರ್ಥ. ಒಂದು ಸಾಸ್ಸೊ ಬರಿಸಾನೊ, ಇನ್ನೊಂದು ಸಾಸ್ಸೊ ಕವೆಯೋಸೊ. ಎರಡರ ನಡುವೆ ಏರಿದ ದಿಣ್ಣೆಯ ಮೇಲೆ, ಚಿವಿತಾ ಎಂಬ ಭಾಗದಲ್ಲಿ, 13ನೆಯ ಶತಮಾನದ ಪ್ರಧಾನ ಚರ್ಚು ನಿಂತಿದೆ. ಅದರಾಚೆ ಗ್ರಾವಿನಾ ಎಂಬ ತೊರೆ ಕೊರೆದ ಆಳವಾದ ಕಮರಿ. ಕಮರಿಯ ಎದುರುದಂಡೆಯಲ್ಲಿ ಮುರ್ಜಾ ಎಂಬ ಬೋಳುಪ್ರಸ್ಥಭೂಮಿ. ಅಲ್ಲಿಯೂ ಕಪ್ಪು ಬಾಯಿ ತೆರೆದ ಗವಿಗಳೇ.

ಕೆಳಗಿಳಿದಂತೆ ಮೇಲು ಯಾವುದು, ತಳ ಯಾವುದು ಎಂಬ ಲೆಕ್ಕವೇ ತಪ್ಪುತ್ತದೆ. ಒಬ್ಬನ ಮನೆಯ ಮಾಳಿಗೆ ಮತ್ತೊಬ್ಬನ ಅಂಗಳ. ಆ ಅಂಗಳವೇ ಮುಂದೆ ಬೀದಿ. ಕಾಲಡಿಯಲ್ಲಿ ಹೊಗೆಗೂಡು ತಲೆಯೆತ್ತಿರುತ್ತದೆ.

ಈ ಸೀಮೆಯಲ್ಲಿ ಮನುಷ್ಯನ ವಾಸ ಬಹು ಹಳೆಯದು. ವೈದ್ಯನಾಗಿದ್ದ ದೊಮೆನಿಕೊ ರಿದೋಲಾ ಎಂಬಾತ 19ನೆಯ ಶತಮಾನದ ಕೊನೆಯಿಂದ ಈ ಸುತ್ತಿನಲ್ಲಿ ಅಗೆತ ನಡೆಸಿ, ಕಂದಕ ತೋಡಿಕೊಂಡು ಬಾಳಿದ ನವಶಿಲಾಯುಗದ ಹಳ್ಳಿಗಳನ್ನು ಗುರುತಿಸಿದನು. ಆತ ಕೂಡಿಸಿದ ವಸ್ತುಗಳೇ 1911ರಲ್ಲಿ ಸ್ಥಾಪಿತವಾದ ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಮೂಲ. ಜನ ಇಲ್ಲಿ ನೆಲೆನಿಂತುದಕ್ಕೆ ಕಲ್ಲೇ ಮುಖ್ಯ ಕಾರಣ. ಇದು ಸುಣ್ಣದಂಶವುಳ್ಳ ಮೆದುಗಲ್ಲು, ಕೈಯುಳಿಗೆ ಬಗ್ಗುತ್ತದೆ. ಆರಂಭದಲ್ಲಿ ಸ್ವಾಭಾವಿಕ ಗವಿಯನ್ನೇ ಅಗಲಮಾಡಿಕೊಂಡರು. ಒಳಗೆ ಕಡಿದುತೆಗೆದ ಕಲ್ಲನ್ನು ಚಚ್ಚೌಕವಾಗಿ ಕತ್ತರಿಸಿ ಅದೇ ಗವಿಯ ಬಾಯಿಗೆ ಕಮಾನುಸೂರಿನ ಮುಂಗೋಣೆಯನ್ನು ಕಟ್ಟಿದರು. ಹೀಗೆ ಅಗೆದುದೆಲ್ಲ ಕಟ್ಟಡವಾಯಿತು. ಗವಿಗಳನ್ನು ಒಳಮುಖವಾಗಿ ತುಸು ಇಳಿಜಾರಾಗಿ ತೋಡುತ್ತಿದ್ದರೆಂದೂ, ಚಳಿಗಾಲದ ತಗ್ಗುಬಿಸಿಲು ಹಿಂಗೋಡೆಯವರೆಗೆ ತಲುಪಿ ಬೇಸಗೆಯ ನೆತ್ತಿಬಿಸಿಲು ಹೊಸ್ತಿಲಲ್ಲೇ ನಿಲ್ಲುವುದೆಂದೂ ಇದನ್ನು ಅಭ್ಯಸಿಸಿದವರು ಹೇಳುತ್ತಾರೆ.

ಕಲ್ಲಿಗಿಂತ ಹಿರಿದಾದುದು ನೀರಿನ ವ್ಯವಸ್ಥೆ. ಮಾತೇರಾದಲ್ಲಿ ಮಳೆ ಕಡಿಮೆ; ತೊರೆಯೋ ಕಮರಿಯ ತಳದಲ್ಲಿ ಹರಿಯುತ್ತದೆ. ಆದುದರಿಂದ ಬಿದ್ದ ಹನಿಯನ್ನು ಹಿಡಿದಿಡುವುದೇ ಅಲ್ಲಿಯವರ ಮೊದಲ ವಿದ್ಯೆಯಾಯಿತು. ಮಾಳಿಗೆಗಳ ನೀರನ್ನು ಬೀಳಲೀಯದೆ ಕಲ್ಲುಕಾಲುವೆಗಳಿಂದ ನೆಲದಡಿಯ ತೊಟ್ಟಿಗಳಿಗೆ ಹಾಯಿಸುತ್ತಿದ್ದರು. ಈ ತೊಟ್ಟಿಗಳ ಆಕಾರ ನಮ್ಮ ಬಯಲುಸೀಮೆಯ ಹಗೇವನ್ನು ಕಂಡವರಿಗೆ ಬಿಡಿಸಿ ಹೇಳಬೇಕಾದುದಿಲ್ಲ: ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಮೈಗೆ ಸುಟ್ಟಮಣ್ಣಿನ ಪುಡಿ ಬೆರೆಸಿದ ಸುಣ್ಣದ ಗಾರೆಯನ್ನು ಬಳಿಯುತ್ತಿದ್ದರು. ಹಳೆಯ ಮೈಸೂರಿನ ಕಟ್ಟಡಗಾರರು ಸುರ್ಕಿಗಾರೆ ಎನ್ನುತ್ತಿದ್ದುದೂ ಇದೇ ಜಾತಿಯದು. ವಿತ್ತೋರಿಯೊ ವೆನೆತೊ ಚೌಕದ ಕೆಳಗೆ 16ನೆಯ ಶತಮಾನದಿಂದ ಹಂತಹಂತವಾಗಿ ತೋಡಿ ವಿಸ್ತರಿಸಿದ ಪಲೊಂಬಾರೊ ಲುಂಗೊ ಎಂಬ ಮಹಾತೊಟ್ಟಿಯುಂಟು. ಸುಮಾರು 50 ಲಕ್ಷ ಲೀಟರು ನೀರು ಹಿಡಿಯುವ ಇದನ್ನು ಊರು ಮರೆತೇಬಿಟ್ಟಿತ್ತು. ಮತ್ತೆ ಬೆಳಕಿಗೆ ಬಂದುದು 1991ರಲ್ಲಿ. ಮನೆಗಳ ಗುಂಪೊಂದಕ್ಕೆ ಒಂದು ಅಂಗಳ, ಆ ಅಂಗಳಕ್ಕೊಂದು ಬಾವಿ. ಬಾವಿಯ ಸುತ್ತಲಿನ ಈ ನೆರೆಹೊರೆಗೆ ವಿಚಿನಾತೊ ಎಂದು ಹೆಸರು. ಕೂಸನ್ನು ನೋಡಿಕೊಳ್ಳುವುದು, ಬಟ್ಟೆ ಒಗೆಯುವುದು, ಜಗಳ ತೀರಿಸುವುದು, ಸಾವಿನ ಮನೆಗೆ ಊಟ ಒಯ್ಯುವುದು ಎಲ್ಲವೂ ಈ ವಿಚಿನಾತೊ ಒಳಗೇ ನಡೆಯುತ್ತಿತ್ತು.

ಸಾಧಕರೂ ಇಲ್ಲಿಗೆ ಬಂದರು. ಮಾತೇರಾದ ಸುತ್ತುಮುತ್ತ ಕಲ್ಲಿನಲ್ಲಿ ಕೊರೆದ ಚರ್ಚುಗಳು 150ಕ್ಕೂ ಮಿಕ್ಕಿ ಇವೆ. ಕೆಲವು ಬೆನೆಡಿಕ್ಟನ ಪಂಥದ ಲ್ಯಾಟಿನ್ ಸನ್ಯಾಸಿಗಳವು, ಕೆಲವು ಗ್ರೀಕ್ ಸಂಪ್ರದಾಯದವು. ಪೂರ್ವದ ಸಾಮ್ರಾಜ್ಯದಲ್ಲಿ 8ನೆಯ ಶತಮಾನದಲ್ಲಿ ಮೂರ್ತಿಭಂಜಕರ ಕಾಟಕ್ಕೆ ಅಂಜಿ ಓಡಿಬಂದ ಗ್ರೀಕ್ ಸನ್ಯಾಸಿಗಳೇ ಇವನ್ನೆಲ್ಲ ಕೊರೆದರೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಈಚಿನ ವಿದ್ವಾಂಸರು ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಬಹಳಷ್ಟು ಗವಿಚರ್ಚುಗಳು ರೈತರ, ಕುರಿಗಾಹಿಗಳ ನಿತ್ಯಪೂಜೆಯ ಸ್ಥಳಗಳೇ ಆಗಿದ್ದುವೆಂಬುದು ಅವರ ಅಭಿಪ್ರಾಯ. ಇದೇ ಯುಕ್ತವೆಂದು ತೋರುತ್ತದೆ. ಗವಿಯಲ್ಲಿ ಉಣ್ಣುವವನು ಗವಿಯಲ್ಲಿಯೇ ದೇವರನ್ನು ಕಂಡುದರಲ್ಲಿ ಆಶ್ಚರ್ಯವೇನು? ಕಲ್ಲೊಳಗೆ ಕಂಬ, ಕಮಾನು, ಗೋಪುರದ ಒಳಸೂರು ಎಲ್ಲವನ್ನೂ, ಕಟ್ಟಡವೆಂಬಂತೆ, ಕಡಿದು ತೋರಿಸಿದ್ದಾರೆ. ಭಾರ ಹೊರಬೇಕಾದ ಅಗತ್ಯವಿಲ್ಲದ ಕಂಬಗಳವು.

ಇವುಗಳಲ್ಲಿ ಆದಿಪಾಪದ ಗವಿ ಎಂದು ಈಗ ಪ್ರಸಿದ್ಧವಾಗಿರುವುದರ ಕಥೆ ಸ್ವಾರಸ್ಯವಾಗಿದೆ. ಊರಿಂದ ಕೆಲವು ಹರದಾರಿ ದೂರದ ಕಮರಿಯೊಂದರ ಬದಿಯಲ್ಲಿದ್ದ ಆ ಗವಿಯಲ್ಲಿ ಕುರುಬರು ಕುರಿ ಕೂಡುತ್ತಿದ್ದರು. ಗೋಡೆಯ ಮೇಲಣ ಚಿತ್ರಗಳನ್ನು ಕಂಡು ನೂರು ಸಂತರ ಗವಿ ಎನ್ನುತ್ತಿದ್ದರು. 1959ರಲ್ಲಿ ಊರಿನ ತರುಣರು ಲಾ ಸ್ಕಲೆತ್ತಾ ಎಂಬ ಸಂಘ ಕಟ್ಟಿಕೊಂಡು ಕೈಬಿಟ್ಟ ಚರ್ಚುಗಳನ್ನು ಹುಡುಕಿ ದಾಖಲು ಮಾಡತೊಡಗಿದರು. 1963ರಲ್ಲಿ ಅವರಿಗೆ ಈ ಗವಿ ದೊರೆಯಿತು. ಆದಮನ ಪಕ್ಕೆಯಿಂದ ಈವಳು ಹೊರಬರುವುದು, ಫಲವನ್ನು ಕೊಳ್ಳುವುದು, ಅಪೊಸ್ತಲರು, ದೇವದೂತರು ಇವರೆಲ್ಲರ ಚಿತ್ರಗಳು ಅಲ್ಲಿವೆ. ಕಾಲ 9ನೆಯ ಶತಮಾನದ ಆಸುಪಾಸು. ಚಿತ್ರಗಳ ನಡುವೆ ಕೆಂಪುಹೂಗಳನ್ನು ಧಾರಾಳವಾಗಿ ಚೆಲ್ಲಿರುವುದರಿಂದ, ಹೆಸರು ತಿಳಿಯದ ಆ ಚಿತ್ರಕಾರನನ್ನು ವಿದ್ವಾಂಸರು ಮಾತೇರಾದ ಹೂಗಳ ಚಿತ್ರಕಾರನೆಂದೇ ಕರೆಯುತ್ತಾರೆ. ವಿದ್ವಾಂಸರಿಗಿಂತ ಮುಂಚೆ ಅವನ್ನು ನೋಡಿದ ಕುರುಬರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುರಿಯ ಬೆಚ್ಚನೆಯ ಉಸಿರಿನ ನಡುವೆ ಆ ಹೂಗಳು ಶತಮಾನಗಳನ್ನು ಕಳೆದುವೆಂಬುದು ಸತ್ಯ.

1663ರಿಂದ 1806ರವರೆಗೆ ಮಾತೇರಾ ಬಸಿಲಿಕಾತಾ ಪ್ರಾಂತದ ರಾಜಧಾನಿಯಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅಂದರೆ ಗವಿಗಳ ಊರು ಮೊದಲಿನಿಂದಲೂ ದರಿದ್ರರ ಊರಾಗಿರಲಿಲ್ಲ. 1806ರಲ್ಲಿ ರಾಜಧಾನಿ ಪೊತೆಂಜಾ ನಗರಕ್ಕೆ ಹೋಯಿತು. ಅದೇ ಶತಮಾನದಲ್ಲಿ ಪಾಳೆಯಗಾರರ ಭೂಮಿ, ಊರ ಗೋಮಾಳ, ಮಠಗಳ ಆಸ್ತಿ ಇವೆಲ್ಲ ಮಾರಾಟವಾಗಿ ಹಣವಂತರ ಕೈಸೇರಿದುವು. ಮೇವಿನ ನೆಲವನ್ನು ಉತ್ತು ಗೋಧಿ ಬಿತ್ತಿದರು. ಉಣ್ಣೆಯ ವ್ಯಾಪಾರ ಕುಂದಿತು. ಒಂದು ಕಾಲಕ್ಕೆ ಕುರಿಯೋ ತುಂಡುನೆಲವೋ ಇದ್ದವನು ದಿನಗೂಲಿಯಾದನು. ಉಳ್ಳವರು ಮೇಲಿನ ಸಮತಟ್ಟು ನೆಲದಲ್ಲಿ ಹೊಸ ಮನೆ ಕಟ್ಟಿಕೊಂಡರು. ಇಲ್ಲದವರು ಕೆಳಗೆ ಉಳಿದು ಹೆಚ್ಚುತ್ತ ಹೋದರು. ಜಾಗ ಸಾಲದೆ ಬಂದಾಗ ಕೊಟ್ಟಿಗೆ ಮನೆಯಾಯಿತು, ಗಾಣದ ಗವಿ ಮನೆಯಾಯಿತು, ಚರ್ಚೂ ಮನೆಯಾಯಿತು. ಕೊನೆಗೆ ನೀರಿನ ತೊಟ್ಟಿಯನ್ನೇ ಬರಿದುಮಾಡಿ, ಗೋಡೆ ಒಡೆದು, ಬಾಗಿಲಿಟ್ಟು ಅದರಲ್ಲಿ ಸಂಸಾರ ಹೂಡಿದರು. ನೀರಿಗೆಂದು ತೋಡಿದ ತೊಟ್ಟಿಯಲ್ಲಿ ಬಿಸಿಲೂ ಗಾಳಿಯೂ ಆಡಬೇಕೆಂಬ ಎಣಿಕೆ ಮೊದಲಿನಿಂದಲೂ ಇರಲಿಲ್ಲ. ಮನುಷ್ಯ ಅದರೊಳಗೆ ಮಲಗಿದನು, ಗೋಡೆ ಬೆವರಿತು. ಎರಡು ಬೋಗುಣಿಗಳ ತಳದಲ್ಲಿದ್ದ ನೀರುಗಾಲುವೆಗಳ ಮೇಲೂ 20ನೆಯ ಶತಮಾನದ ಮೊದಲರ್ಧದಲ್ಲಿ ಬೀದಿಗಳು ಬಂದುವು. ಗವಿಯಿಂದ ಬಡತನ ಬಂದುದಲ್ಲ, ಬಡತನದಿಂದ ಗವಿ ಕೆಟ್ಟಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಆಗಿನ ಮನೆಯೊಂದರ ಮಾದರಿಯನ್ನು ಈಗ ಯಾತ್ರಿಕರಿಗಾಗಿ ಸಜ್ಜುಗೊಳಿಸಿ ತೋರಿಸುತ್ತಾರೆ. ಇರುವುದೊಂದೇ ಕೋಣೆ. ಬಾಗಿಲ ಬಳಿ ಒಲೆ, ನಡುವೆ ಊಟದ ಮೇಜು, ಹಿಂದೆ ಹೇಸರಗತ್ತೆಯ ಗೋದಲಿ. ಎತ್ತರದ ಮಂಚದ ಹಾಸಿಗೆಗೆ ಜೋಳದ ಸಿಪ್ಪೆ ತುಂಬಿದೆ. ಮಂಚದ ಕೆಳಗೆ ಕೋಳಿಗಳು. ಎಳೆಗೂಸುಗಳನ್ನು ಅರಿವೆಪೆಟ್ಟಿಗೆಯ ಅರೆಗಳಲ್ಲಿ ಮಲಗಿಸುತ್ತಿದ್ದರು. ದನದ ಮೈಬಿಸಿಯೇ ಚಳಿಗೆ ಹೊದಿಕೆ.

ಈ ಬಾಳು ಹೊರಲೋಕಕ್ಕೆ ತಿಳಿದುದು ಒಬ್ಬ ಗಡೀಪಾರಾದವನಿಂದ. ತೂರಿನ್ ನಗರದ ಕಾರ್ಲೊ ಲೇವಿ ವೈದ್ಯವಿದ್ಯೆ ಕಲಿತ ಚಿತ್ರಕಾರ. ಮುಸೊಲಿನಿಯ ಸರ್ಕಾರ ಆತನನ್ನು 1935ರಲ್ಲಿ ಬಸಿಲಿಕಾತಾಕ್ಕೆ ಅಟ್ಟಿತು. ಆ ಅನುಭವವನ್ನು ಕುರಿತು ಆತ ಬರೆದ ಗ್ರಂಥ 1945ರಲ್ಲಿ ಪ್ರಕಟವಾಯಿತು. ಕ್ರಿಸ್ತನು ಎಬೋಲಿ ಊರಿನವರೆಗೆ ಮಾತ್ರ ಬಂದು ಅಲ್ಲಿಯೇ ನಿಂತುಬಿಟ್ಟನು, ಅದರಾಚೆಯ ನಮ್ಮನ್ನು ಮನುಷ್ಯರೆಂದು ಎಣಿಸುವವರೇ ಇಲ್ಲ ಎಂಬ ಅಲ್ಲಿಯ ರೈತರ ನುಡಿಯಿಂದಲೇ ಗ್ರಂಥಕ್ಕೆ ಹೆಸರು ಬಂದಿದೆ. ತಮ್ಮನನ್ನು ಕಾಣಲು ಮಾತೇರಾದ ಮಾರ್ಗವಾಗಿ ಬಂದ ವೈದ್ಯೆಯಾದ ಅಕ್ಕ ಲೂಯಿಸಾಳ ಬಾಯಿಂದ ಆತ ಈ ಊರನ್ನು ಚಿತ್ರಿಸಿದ್ದಾನೆ. ಕಣ್ಣುರೆಪ್ಪೆ ಊದಿ ನೊಣ ಮುತ್ತಿದ ಮಕ್ಕಳು, ಚಳಿಜ್ವರದಿಂದ ಮುದುಕರಂತಾದ ಮಕ್ಕಳು. ಅವು ಆಕೆಯ ಹಿಂದೆಯೇ ಓಡಿಬಂದು ಬೇಡಿದುದು ಕಾಸನ್ನಲ್ಲ, ಕ್ವಿನೈನನ್ನು.

ಗ್ರಂಥ ದೇಶವನ್ನೇ ಕಲಕಿತು. 1948ರಲ್ಲಿ ಕಮ್ಯೂನಿಸ್ಟ್ ನಾಯಕ ತೊಲ್ಯಾತ್ತಿ ಬಂದನು; ಇದು ರಾಷ್ಟ್ರಕ್ಕೆ ಲಜ್ಜೆ ಎಂದು ಸಾರಿದನೆಂದು ಪ್ರತೀತಿ. 1950ರಲ್ಲಿ ಪ್ರಧಾನಿ ದೆ ಗಾಸ್ಪೆರಿ ಬಂದನು. 1952ರ ಮೇ ತಿಂಗಳಲ್ಲಿ ವಿಶೇಷ ಕಾನೂನು ಜಾರಿಗೆ ಬಂತು. ಗವಿಗಳು ಸರ್ಕಾರದ ಸ್ವತ್ತಾದುವು. ಮುಂದಿನ ಒಂದೂವರೆ ದಶಕದಲ್ಲಿ ಸುಮಾರು 15,000 ಜನ ಹೊಸ ಬಡಾವಣೆಗಳಿಗೆ ಹೋದರು. ಈ ಕಾರ್ಯವನ್ನು ಹಳಿಯುವುದು ಸುಲಭ. ಹಾಗೆ ಹಳಿಯುವವರು ಒದ್ದೆಗೋಡೆಯ ಬದಿಯಲ್ಲಿ ಕೂಸನ್ನು ಮಲಗಿಸಿದವರಲ್ಲ. ನಲ್ಲಿ, ಕಿಟಕಿ, ಶೌಚಗೃಹ ಇವು ದೊಡ್ಡ ವಸ್ತುಗಳು. ಮಲೇರಿಯಾ ತೊಲಗಿತು, ಮಕ್ಕಳು ಬದುಕಿದುವು.

ವಾಸ್ತುಶಿಲ್ಪಿಗಳೂ ಸಮಾಜಶಾಸ್ತ್ರಜ್ಞರೂ ಒಳ್ಳೆಯ ಮನಸ್ಸಿನಿಂದಲೇ ದುಡಿದರು. ತತ್ತ್ವಶಾಸ್ತ್ರದ ಪಂಡಿತ ಫ್ರೀಡ್ರಿಕ್ ಫ್ರೀಡ್‌ಮನ್ ನೇತೃತ್ವದಲ್ಲಿ ನಡೆದ ಪರಿಶೀಲನೆ ನೆರೆಹೊರೆಯ ಬಂಧದ ಬೆಲೆಯನ್ನು ಕಂಡುಕೊಂಡಿತ್ತು. ಲೊದೊವಿಕೊ ಕ್ವಾರೋನಿ ಮೊದಲಾದವರು ಯೋಜಿಸಿದ ಲಾ ಮಾರ್ತೆಲ್ಲಾ ಎಂಬ ಹೊಸ ಹಳ್ಳಿಯಲ್ಲಿ ಪ್ರತಿ ಮನೆಗೂ ಕೊಟ್ಟಿಗೆಯನ್ನು ಬೇರೆಯಾಗಿ ಕಟ್ಟಿದರು. ಆದರೆ ರೈತ ಮಲಗಿದಲ್ಲಿಂದಲೇ ತನ್ನ ಹೇಸರಗತ್ತೆಯನ್ನು ನೋಡಬಹುದಾದಂತೆ ನಡುಗೋಡೆಯಲ್ಲಿ ಕಿಂಡಿಯಿಟ್ಟರೆಂದು ಹೇಳುತ್ತಾರೆ. ಇಷ್ಟು ಸೂಕ್ಷ್ಮವಾಗಿ ನೋಡಿಯೂ ವಿಚಿನಾತೊ ಅಲ್ಲಿ ಮತ್ತೆ ಹುಟ್ಟಲಿಲ್ಲ. ಒಂದೇ ಬಾವಿಯ ಸುತ್ತ ಬಾಳಿದವರು ಬೇರೆಬೇರೆ ಬಡಾವಣೆಗಳಿಗೆ ಹಂಚಿಹೋದರು. ನಲ್ಲಿ ಮನೆಯೊಳಗೆ ಬಂದ ಮೇಲೆ ಬಾವಿಗೆ ಹೋಗುವ ಕಾರಣವಾದರೂ ಏನು? ಸಾಲದುದಕ್ಕೆ, ಮನೆ ದೊರೆತಷ್ಟು ಸುಲಭವಾಗಿ ಹೊಲ ದೊರೆಯಲಿಲ್ಲ. ಹಲವರು ಉತ್ತರದ ಕಾರ್ಖಾನೆಗಳಿಗೆ ವಲಸೆ ನಡೆದರು.

ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ ಸ್ಥಾವರವು ನಿಂತಲ್ಲೇ ನಿಂತಿತು, ಜಂಗಮವು ಎದ್ದುಹೋಯಿತು. ಬರಿದಾದ ಊರಿನ ಬಾಗಿಲುಗಳಿಗೆ ಗೋಡೆಯೆತ್ತಿದರು. ಮಾಳಿಗೆಗಳು ಕುಸಿದುವು, ಚರ್ಚುಗಳ ಚಿತ್ರಗಳನ್ನು ಕಳ್ಳರು ಕಿತ್ತೊಯ್ದರು. ಈ ನಿರ್ಜನತೆಯ ನಡುವೆ ಪಸೊಲೀನಿ ಎಂಬ ಚಲಚ್ಚಿತ್ರಕಾರನು ಮತ್ತಾಯನ ಸುವಾರ್ತೆಯನ್ನು ಕುರಿತ ತನ್ನ ಚಿತ್ರದ ದೃಶ್ಯಗಳನ್ನು ಇಲ್ಲಿ ತೆಗೆದನು. 1964ರಲ್ಲಿ ಅದು ಬಿಡುಗಡೆಯಾಯಿತು. ಕ್ರಿಸ್ತನು ತಲುಪಲಿಲ್ಲವೆಂದು ರೈತರು ನೊಂದುಕೊಂಡ ನಾಡಿನಲ್ಲಿಯೇ ಆತನ ಜೆರೂಸಲೇಮು ದೊರೆತುದು ವಿಚಿತ್ರ.

1986ರಲ್ಲಿ ಬಂದ ಮತ್ತೊಂದು ಕಾನೂನು ಗವಿಗಳ ಜೀರ್ಣೋದ್ಧಾರಕ್ಕೆ ಹಣವಿಟ್ಟು, ಮನೆಗಳನ್ನು ಜನರಿಗೆ ನಿಯತಕಾಲಕ್ಕೆ ವಹಿಸುವ ಏರ್ಪಾಡು ಮಾಡಿತು. ವಾಸ್ತುತಜ್ಞ ಪಿಯೆತ್ರೊ ಲೌರೆಯಾನೊ ಇಲ್ಲಿಯ ನೀರಿನ ವ್ಯವಸ್ಥೆಯ ಹಿರಿಮೆಯನ್ನು ವಿದ್ವತ್ ಪ್ರಪಂಚಕ್ಕೆ ವಿವರಿಸಿದನು. 1993ರಲ್ಲಿ ಯುನೆಸ್ಕೊ ಮನ್ನಣೆ. 2019ರಲ್ಲಿ ಬಲ್ಗೇರಿಯದ ಪ್ಲೊವ್ದಿವ್ ಜೊತೆಗೆ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯೆಂಬ ಗೌರವ. ಈಗ ಅನೇಕ ಗವಿಗಳು ವಸತಿಗೃಹಗಳು, ಊಟದ ಮನೆಗಳು. ಹೇಸರಗತ್ತೆ ನಿಂತಿದ್ದಲ್ಲಿ ಬಿಸಿನೀರಿನ ಸ್ನಾನದ ತೊಟ್ಟಿ.

ಮಾತೇರಾದ ರೊಟ್ಟಿಯ ವಿಷಯವನ್ನೂ ಹೇಳಬೇಕು. ಗಟ್ಟಿಗೋಧಿಯ ಹಿಟ್ಟನ್ನು ಮನೆಯಲ್ಲಿ ನಾದಿ, ಬೇಯಿಸಲು ಊರೊಟ್ಟಿನ ಒಲೆಗೆ ಒಯ್ಯುವುದು ಹಿಂದಿನ ಪದ್ಧತಿ. ಎಲ್ಲರ ರೊಟ್ಟಿಯೂ ಒಂದೇ ಒಲೆಯಲ್ಲಿ ಬೇಯುವುದರಿಂದ ಗುರುತು ಬೇಕು. ಅದಕ್ಕಾಗಿ ಪ್ರತಿ ಮನೆಗೂ ಮರದಲ್ಲಿ ಕೆತ್ತಿದ ಮುದ್ರೆಯಿತ್ತು. ಯಜಮಾನನ ಹೆಸರಿನ ಮೊದಲಕ್ಷರ ಅದರ ತಳದಲ್ಲಿರುತ್ತಿತ್ತು, ಹಿಡಿಯಲ್ಲಿ ಹುಂಜವೋ ಮನುಷ್ಯನೋ ಬೇರಾವುದೋ ಆಕೃತಿ. ಚಳಿಗಾಲದಲ್ಲಿ ಕುರಿಗಾಹಿಗಳು ಕುಳಿತು ಕೆತ್ತುತ್ತಿದ್ದುದುಂಟು. ಅಂತಹ ಹಳೆಯ ಮುದ್ರೆಗಳನ್ನು ಈಗ ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ಹೊಸವನ್ನು ಸಾಸ್ಸಿಯ ಅಂಗಡಿಗಳಲ್ಲಿ ಮಾರುತ್ತಾರೆ. ಕೊಳ್ಳುವವರು ಊರಿನವರಲ್ಲ, ಯಾತ್ರಿಕರು.