ಗರಗಸದ ಮೂತಿಗೊಂದು ಎಣ್ಣೆಯ ಕುಡಿಕೆ

ಚರಿತ್ರೆ ಬರೆಯುವವರು ಕತ್ತಿಯನ್ನು ನೆನೆಯುತ್ತಾರೆ, ಕೊಡಲಿಯನ್ನು ನೆನೆಯುತ್ತಾರೆ, ಚಕ್ರವನ್ನಂತೂ ಹಾಡಿ ಹೊಗಳುತ್ತಾರೆ. ಆ ಚಕ್ರ ಸರಾಗವಾಗಿ ತಿರುಗಿದ್ದು ಎಣ್ಣೆಯ ದೆಸೆಯಿಂದ ಎಂಬ ಮಾತನ್ನು ಎತ್ತುವವರು ವಿರಳ. ನಮ್ಮ ಬಂಡಿ ಹೊಡೆಯುವವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕೀಲೆಣ್ಣೆಯಿಲ್ಲದೆ ದೂರದ ಪಯಣಕ್ಕೆ ಹೊರಡುವ ಧೈರ್ಯ ಅವರಿಗಿರಲಿಲ್ಲ. ಆ ಕೀಲೆಣ್ಣೆಯ ಬಳಗಕ್ಕೇ ಸೇರಿದ, ಸಾಗರದಾಚೆಯ ಒಂದು ಪುಟ್ಟ ವಸ್ತುವಿನ ಪೂರ್ವೋತ್ತರವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅಮೆರಿಕ, ಕೆನಡಗಳಲ್ಲಿ ಸರಪಣಿ ಗರಗಸದಿಂದ ದಿಮ್ಮಿ ಸೀಳಿ ಹಲಗೆ ಮಾಡುವವರು, ಗರಗಸದ ತುದಿಗೆ ತಾವೇ ಕಟ್ಟಿಕೊಳ್ಳುವ ಎಣ್ಣೆಯ ಸೀಸೆ ಅದು.

ಯಂತ್ರಗಳಿಗೆ ಮೊದಲು ಯೂರೋಪಿನಲ್ಲಿ ದಿಮ್ಮಿ ಸೀಳುತ್ತಿದ್ದ ಬಗೆ ನಮ್ಮ ಮಲೆನಾಡಿನವರಿಗೆ ಅಪರಿಚಿತವೇನಲ್ಲ. ನೆಲದಲ್ಲಿ ಆಳವಾದ ಗುಂಡಿ. ಅದರ ಮೇಲೆ ದಿಮ್ಮಿ. ದಿಮ್ಮಿಯ ಮೇಲೊಬ್ಬ, ಗುಂಡಿಯೊಳಗೊಬ್ಬ. ನಡುವೆ ಆಳುದ್ದದ ಗರಗಸ. ಮೇಲಿನವನು ಗೆರೆ ತಪ್ಪದಂತೆ ನಡೆಸುವ ಯಜಮಾನ. ಕೆಳಗಿನವನು ಹೊಟ್ಟನ್ನು ಕಣ್ಣುಮೂಗುಗಳಲ್ಲಿ ತುಂಬಿಕೊಂಡು ಎಳೆಯುವ ಆಳು. ಇಂಗ್ಲೆಂಡಿನಲ್ಲಿ ದೊಡ್ಡಮನುಷ್ಯನನ್ನು ‘ಟಾಪ್ ಸಾಯರ್’ ಎಂದು ಕರೆಯುವ ರೂಢಿ ಬಂದದ್ದು ಈ ಗುಂಡಿಯಿಂದಲೇ. ಅಲಗು ಮರದಲ್ಲಿ ಹಿಡಿಯಿತೆಂದರೆ ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಸವರುತ್ತಿದ್ದರು. ಕೈಯಿಂದ ಎಳೆಯುವ ಗರಗಸಕ್ಕೆ ಅಷ್ಟು ಸಾಕು. ಎಣ್ಣೆ ಸವರುವಷ್ಟು ಹೊತ್ತು ಇಬ್ಬರಿಗೂ ಉಸಿರಾಡಲು ಬಿಡುವೂ ಆಯಿತು.

ಹಬೆಯ ಯಂತ್ರ ಬಂದ ಮೇಲೆ ಈ ಬಿಡುವೇ ಒಂದು ದೊಡ್ಡ ನಷ್ಟವಾಗಿ ತೋರತೊಡಗಿತು. ರೈಲು ಆಗಾಗ ನಿಲ್ಲಬೇಕು, ಆಳೊಬ್ಬ ಎಣ್ಣೆಯ ಡಬ್ಬಿ ಹಿಡಿದು ಎಂಜಿನಿನ ಸುತ್ತ ಓಡಾಡಬೇಕು, ಆಮೇಲೆ ಪುನಃ ಹೊರಡಬೇಕು. ಅಮೆರಿಕದ ಮಿಷಿಗನ್ ಪ್ರಾಂತದ ರೈಲ್ವೆಯಲ್ಲಿ ಹೀಗೆ ಡಬ್ಬಿ ಹಿಡಿದವರಲ್ಲಿ ಎಲೈಜಾ ಮೆಕಾಯ್ ಎಂಬವನೊಬ್ಬ. ಅವನ ತಂದೆತಾಯಿಗಳು ಕೆಂಟಕಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡ ಸೇರಿದ್ದ ನೀಗ್ರೋ ದಂಪತಿಗಳು. ಮಗನನ್ನು ಅವರು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಕಳುಹಿಸಿ ಯಂತ್ರವಿದ್ಯೆ ಕಲಿಸಿದರು. ಕಲಿತು ಬಂದವನಿಗೆ ಅಮೆರಿಕದಲ್ಲಿ ಸಿಕ್ಕಿದ್ದು ಎಂಜಿನಿಗೆ ಕಲ್ಲಿದ್ದಲು ತುಂಬುವ, ಎಣ್ಣೆ ಬಿಡುವ ಚಾಕರಿ. ಮೈಬಣ್ಣ ಕಪ್ಪಾಗಿದ್ದವನಿಗೆ ಎಂಜಿನಿಯರನ ಕುರ್ಚಿ ಕೊಡುವವರು ಅಂದು ಯಾರೂ ಇರಲಿಲ್ಲ.

ಆದರೆ ಡಬ್ಬಿ ಹಿಡಿದ ಕೈಯ ಹಿಂದೆ ಎಂಜಿನಿಯರನ ತಲೆಯಿತ್ತು. 1872ರಲ್ಲಿ ಅವನು, ಹಬೆಯ ಒತ್ತಡದಿಂದಲೇ ಕೆಲಸಮಾಡಿ, ಓಟ ನಿಲ್ಲಿಸದೆ ಸಿಲಿಂಡರಿಗೆ ಎಣ್ಣೆಯೂಡುವ ಒಂದು ಬಟ್ಟಲಿಗೆ ಪೇಟೆಂಟು ಪಡೆದ. 1929ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನ ಹೆಸರಿನಲ್ಲಿ ಐವತ್ತಕ್ಕೂ ಮಿಕ್ಕಿ ಪೇಟೆಂಟುಗಳಿದ್ದವು. ಹೆಚ್ಚಿನವು ಎಣ್ಣೆಗೆ ಸಂಬಂಧಿಸಿದವೇ. ಅಸಲಿ ವಸ್ತುವಿಗೆ ‘ರಿಯಲ್ ಮೆಕಾಯ್’ ಎನ್ನುವ ಇಂಗ್ಲಿಷ್ ನುಡಿಗಟ್ಟು ಇವನಿಂದಲೇ ಬಂತೆಂಬ ಕಥೆಯುಂಟು. ಸ್ಕಾಟ್ಲೆಂಡಿನಲ್ಲಿ ಅಂಥ ಮಾತು ಅದಕ್ಕೂ ಮೊದಲೇ ಬಳಕೆಯಲ್ಲಿತ್ತಾದ್ದರಿಂದ ಪಂಡಿತರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಅವರು ಒಪ್ಪದಿದ್ದರೂ ಮೆಕಾಯನ ಹಿರಿಮೆಗೆ ಕುಂದಿಲ್ಲ.

ಇತ್ತ ಗರಗಸಕ್ಕೂ ಯಂತ್ರದ ಬಲ ಬಂತು. ಜರ್ಮನಿಯ ಆಂಡ್ರೆಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಣಿ ಗರಗಸವನ್ನೂ, 1929ರಲ್ಲಿ ಪೆಟ್ರೋಲಿನದನ್ನೂ ತಯಾರಿಸಿದ. ಈ ನಡುವೆ 1927ರಲ್ಲಿ ಎಮಿಲ್ ಲೆರ್ಪ್ ಎಂಬವನು ತನ್ನ ಪೆಟ್ರೋಲ್ ಗರಗಸವನ್ನು ಥುರಿಂಗಿಯದ ಡೊಲ್ಮಾರ್ ಬೆಟ್ಟದಲ್ಲಿ ಪರೀಕ್ಷಿಸಿ, ಬೆಟ್ಟದ ಹೆಸರನ್ನೇ ಅದಕ್ಕೆ ಇಟ್ಟ. ಸ್ಟೀಲನ ಪೆಟ್ರೋಲ್ ಗರಗಸ ಸುಮಾರು 46 ಕಿಲೋ ತೂಗುತ್ತಿತ್ತು. ಅದನ್ನು ಹಿಡಿಯಲು ಇಬ್ಬರು ಬೇಕು. ಎರಡನೆಯ ಮಹಾಯುದ್ಧದ ತರುವಾಯ ತೂಕ ಇಳಿದು ಒಬ್ಬನೇ ಹೊರುವಂತಾಯಿತು. 1946ರಲ್ಲಿ ಆರಿಗನ್ ಪ್ರಾಂತದ ಜೋ ಕಾಕ್ಸ್ ಎಂಬ ಮರಗೆಲಸದವನು, ಕೊರಡೊಂದನ್ನು ಎಡಬಲಕ್ಕೆ ಕೊರೆಯುತ್ತಿದ್ದ ಹುಳುವಿನ ದವಡೆಯನ್ನು ನೋಡಿ, ಸರಪಣಿಯ ಹಲ್ಲಿಗೆ ಹೊಸ ರೂಪ ಕೊಟ್ಟ. ಇಂದಿನ ಸರಪಣಿಯ ಹಲ್ಲುಗಳು ಆ ಹುಳುವಿಗೆ ಋಣಿ.

ಈ ಗರಗಸ ಹುಟ್ಟಿದ್ದು ಮರವನ್ನು ಅಡ್ಡಕ್ಕೆ ತುಂಡರಿಸಲು. ಅದನ್ನೇ ಒಂದು ಚೌಕಟ್ಟಿಗೆ ಬಿಗಿದು ದಿಮ್ಮಿಯನ್ನು ಉದ್ದಕ್ಕೆ ಸೀಳುವ ಉಪಾಯ ಆಮೇಲಿನದು. ಇಂಥ ಚೌಕಟ್ಟಿಗೆ ‘ಅಲಾಸ್ಕನ್ ಮಿಲ್’ ಎಂಬ ಹೆಸರು ನಿಂತಿದೆ. ಬಿರುಗಾಳಿಗೆ ಉರುಳಿದ ಮರ, ಲಾರಿ ಹೋಗದ ಇಳಿಜಾರು, ಕೈಯಲ್ಲಿ ಹಣವಿಲ್ಲದ ಒಕ್ಕಲಿಗ: ಇಂಥ ಕಡೆ ಇದು ವರದಾನವೇ ಸರಿ. ಸಾಮಿಲ್ಲಿಗೆ ಮರ ಹೋಗುವ ಬದಲು ಮರದ ಬಳಿಗೆ ಸಾಮಿಲ್ಲೇ ಬಂತು. ಕೊಟ್ಟಿಗೆಗೆ ಬೇಕಾದ ಹಲಗೆ ಬಿದ್ದ ಜಾಗದಲ್ಲೇ ಆಯಿತು.

ತೊಡಕು ಹುಟ್ಟಿದ್ದೂ ಇಲ್ಲಿಯೇ. ಸರಪಣಿ ಓಡುವುದು ಉಕ್ಕಿನ ಪಟ್ಟಿಯೊಂದರ ಅಂಚಿನ ಗಾಡಿಯಲ್ಲಿ. ಎಂಜಿನಿನ ಪಂಪು ಪಟ್ಟಿಯ ಬುಡದಲ್ಲಿ ಎಣ್ಣೆ ಬಿಡುತ್ತದೆ. ಸರಪಣಿ ಅದನ್ನು ಹೊತ್ತು ಒಂದು ಅಂಚಿನಲ್ಲಿ ಮೂತಿಯವರೆಗೆ ಹೋಗಿ, ಅಲ್ಲಿ ತಿರುಗಿ, ಇನ್ನೊಂದು ಅಂಚಿನಲ್ಲಿ ಮರ ಕೊಯ್ಯುತ್ತ ಹಿಂದಿರುಗಬೇಕು. ತಿರುವಿನಲ್ಲಿ ವೇಗಕ್ಕೆ ಎಣ್ಣೆ ಸಿಡಿದುಹೋಗುತ್ತದೆ. ಉಳಿದದ್ದನ್ನು ಹೊಟ್ಟು ಹೀರುತ್ತದೆ. ಕೆಲಸ ಮಾಡುವ ಅಂಚಿಗೇ ಎಣ್ಣೆಯ ಪಾಲು ಕಡಿಮೆ! ಅಡ್ಡಕ್ಕೆ ಕೊಯ್ಯುವಾಗ ಕೆಲವು ಕ್ಷಣಗಳ ಮಾತಾದ್ದರಿಂದ ಬಾಧಕವಿಲ್ಲ. ಉದ್ದಕ್ಕೆ ಸೀಳುವಾಗ ಪಟ್ಟಿಯೂ ಉದ್ದ, ಹೊತ್ತೂ ಉದ್ದ. ಎಂಜಿನು ನಿಮಿಷಗಟ್ಟಲೆ ಪೂರ್ಣವೇಗದಲ್ಲಿ ಓಡಬೇಕು. ಎಣ್ಣೆ ಸಾಲದೆ ಪಟ್ಟಿ ಕಾಯುತ್ತದೆ, ಸರಪಣಿ ಹಿಗ್ಗಿ ಸಡಿಲವಾಗುತ್ತದೆ, ಎರಡೂ ಬೇಗನೆ ಸವೆಯುತ್ತವೆ. ಸಡಿಲಾದ ಸರಪಣಿ ಗಾಡಿ ತಪ್ಪಿದರೆ ಕೆಲಸಗಾರನ ಮೈಗೂ ಅಪಾಯ.

ಇದಕ್ಕೆ ಹಳ್ಳಿಗನ ಪರಿಹಾರವೇ ಆ ಸೀಸೆ. ಎರಡನೆಯ ಪಂಪಿನ ಗೊಡವೆಯಿಲ್ಲ. ಭೂಮಿಯ ಸೆಳೆತವೇ ಪಂಪು. ಚೌಕಟ್ಟಿನ ಹೊರತುದಿಯಲ್ಲಿ ಒಂದು ಸೀಸೆಯನ್ನೋ ಡಬ್ಬಿಯನ್ನೋ ಭದ್ರವಾಗಿ ಬಿಗಿಯಬೇಕು; ಅದರ ಬುಡಕ್ಕೊಂದು ಹಿತ್ತಾಳೆಯ ಪುಟ್ಟ ನಲ್ಲಿ, ನಲ್ಲಿಗೊಂದು ನಳಿಕೆ; ನಳಿಕೆಯ ಬಾಯಿ ಮೂತಿಯ ಹತ್ತಿರ ಸರಪಣಿಯ ಮೇಲೆ ಹನಿಯುವಂತಿರಬೇಕು. ಮುಚ್ಚಳದಲ್ಲಿ ಗಾಳಿಗೊಂದು ಸೂಜಿಗಣ್ಣು ಬಿಡದಿದ್ದರೆ ನಾಲ್ಕು ಹನಿ ಬಿದ್ದು ನಿಂತುಹೋಗುತ್ತದೆ. ಕೆಲಸ ನಿಲ್ಲಿಸಿದಾಗ ನಲ್ಲಿ ಮುಚ್ಚದಿದ್ದರೆ ಸೀಸೆ ಬರಿದಾಗುತ್ತದೆ. ಚಳಿಗೆ ಎಣ್ಣೆ ಮಂದವಾದರೆ ನಲ್ಲಿಯನ್ನು ಇನ್ನಷ್ಟು ತಿರುವಬೇಕು. ಇಷ್ಟೇ ಅದರ ಶಾಸ್ತ್ರ. ಅಂಗಡಿಯಲ್ಲಿ ಸಿದ್ಧವಾದದ್ದೂ ಸಿಗುತ್ತದೆ. ಆದರೂ ಮನೆಯ ಹಳೆಯ ಸಾಮಾನಿನಿಂದ ಮಾಡಿಕೊಳ್ಳುವವರೇನೂ ಕಡಿಮೆಯಿಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ಚರಿತ್ರೆ ಅರ್ಧವಾದೀತು. ಮೋಟಾರು ಗಾಡಿಯ ಎಣ್ಣೆ ಎಂಜಿನಿನೊಳಗೇ ಸುತ್ತುತ್ತದೆ. ಗರಗಸದ ಎಣ್ಣೆ ಹಾಗಲ್ಲ. ಸುರಿದ ಎಣ್ಣೆ ಬಹುಮಟ್ಟಿಗೆ ಕಾಡಿನ ನೆಲಕ್ಕೇ ಸೇರುತ್ತದೆ. ಹನಿ ಹೆಚ್ಚಿದಷ್ಟೂ ಮಣ್ಣಿನ ಪಾಲೂ ಹೆಚ್ಚುತ್ತದೆ. ದುಡ್ಡು ಉಳಿಸಲು ಮೋಟಾರಿನ ಕಪ್ಪು ಎಣ್ಣೆಯನ್ನೇ ಸುರಿಯುವವರುಂಟು. ಅದರಲ್ಲಿರುವ ಲೋಹದ ಕಣಗಳು ಪಟ್ಟಿಗೂ ಒಳ್ಳೆಯದಲ್ಲ, ಎಣ್ಣೆ ಮೈಗೂ ಮಣ್ಣಿಗೂ ಒಳ್ಳೆಯದಲ್ಲ. ಆದ್ದರಿಂದಲೇ ಯೂರೋಪಿನಲ್ಲಿ ಸಾಸಿವೆಯ ಜಾತಿಯ ಬೀಜದಿಂದ ತೆಗೆದ ಎಣ್ಣೆಗಳನ್ನು ಗರಗಸಕ್ಕೆ ಬಳಸುವ ಪರಿಪಾಠ ಬೆಳೆದಿದೆ. ಅಗಸೆಯ ಬಟ್ಟೆಯಿಂದ ಹೊರಟ ಗರಗಸ ಪೆಟ್ರೋಲಿಯಮ್ಮನ್ನು ಬಳಸಿ ಪುನಃ ಹೊಲದ ಬೆಳೆಗೇ ಬಂದು ನಿಂತದ್ದು ನನಗೆ ಸ್ವಾರಸ್ಯವಾಗಿ ಕಂಡಿದೆ.

ಮೆಕಾಯನ ಬಟ್ಟಲಿಗೆ ಪೇಟೆಂಟು ಸಿಕ್ಕಿತು, ಹೆಸರೂ ಉಳಿಯಿತು. ಗರಗಸದ ಮೂತಿಗೆ ಮೊದಲು ಸೀಸೆ ಕಟ್ಟಿದವನಿಗೆ ಎರಡೂ ಇಲ್ಲ. ಒಂದು ಕಾಲಕ್ಕೆ ಗುಂಡಿಯೊಳಗಿನ ಆಳು ನಿಲ್ಲುತ್ತಿದ್ದ ತುದಿಯಲ್ಲಿ ಈಗ ಅದು ತೂಗುತ್ತಿದೆ. ಕಣ್ಣಿಗೆ ಹೊಟ್ಟು ತುಂಬಿಕೊಳ್ಳುವ ಮನುಷ್ಯನೊಬ್ಬ ಅಲ್ಲಿಂದ ಮೇಲೆ ಬಂದನಲ್ಲ, ಅದೂ ಚರಿತ್ರೆಯೇ.