ಕೋಣೆಯೊಳಗೆ ಒಂದು ನಿಜದ ರೈಲುಮಾರ್ಗ

ಮಾದರಿ ರೈಲು ಎಂದೊಡನೆ ಮೇಜಿನ ಮೇಲೆ ಸುತ್ತು ಹಾಕುವ ಪುಟ್ಟ ಎಂಜಿನ್ ನೆನಪಾಗುತ್ತದೆ. ಈ ಹವ್ಯಾಸದ ಒಂದು ಕವಲಿನಲ್ಲಿ ಮಾತ್ರ ರೈಲಿಗೆ ಸುತ್ತುವ ಕೆಲಸವಿಲ್ಲ; ಸರಕು ಸಾಗಿಸಬೇಕು, ಎದುರು ಗಾಡಿಗೆ ದಾರಿ ಬಿಡಬೇಕು, ಹೊತ್ತಿಗೆ ಸರಿಯಾಗಿ ಊರು ಮುಟ್ಟಬೇಕು. ನಿಜವಾಗಿ ಇದ್ದ ಒಂದು ಮಾರ್ಗವನ್ನೂ ಒಂದು ಕಾಲವನ್ನೂ ಆರಿಸಿಕೊಂಡು, ಅಂದಿನ ಸಂಚಾರವನ್ನು ಅಂದಿನ ನಿಯಮಗಳಿಂದಲೇ ಮನೆಯಲ್ಲಿ ನಡೆಸುವ ಕಲೆ ಇದು. ಅಮೆರಿಕದಲ್ಲಿ ಇದಕ್ಕೆ ಅಡಿಪಾಯ ಹಾಕಿದವರಲ್ಲಿ ಫ್ರಾಂಕ್ ಎಲಿಸನ್ ಮುಖ್ಯರು. 1940ರ ದಶಕದಲ್ಲೇ ಅವರು ಮಾದರಿ ಮಾರ್ಗದ ಲೇಔಟನ್ನು ರಂಗಸ್ಥಳಕ್ಕೂ ರೈಲುಗಳನ್ನು ನಟರಿಗೂ ವೇಳಾಪಟ್ಟಿಯನ್ನು ಕಥಾವಸ್ತುವಿಗೂ ಹೋಲಿಸಿ ಬರೆದರು.

ಮೂಲದ ಆಯ್ಕೆ

ಈ ಹವ್ಯಾಸದ ಲೇಖಕ ಟೋನಿ ಕೋಸ್ಟರ್ ದೀರ್ಘಕಾಲ ನಡೆಸಿದ್ದು ಅಲಿಗೇನಿ ಮಿಡ್‌ಲ್ಯಾಂಡ್ ಎಂಬ ಕಲ್ಪಿತ ರೈಲ್ವೆಯನ್ನು. ಆಮೇಲೆ ಅದನ್ನು ಕಳಚಿ, ನಿಕಲ್ ಪ್ಲೇಟ್ ರೋಡ್ ಎಂಬ ನಿಜ ಕಂಪನಿಯ ಒಂದು ಉಪವಿಭಾಗವನ್ನು 1954ರಲ್ಲಿ ಇದ್ದಂತೆ ಕಟ್ಟತೊಡಗಿದರು. ಇಂಡಿಯಾನಾದ ಫ್ರಾಂಕ್‌ಫರ್ಟ್‌ನಿಂದ ಇಲಿನಾಯ್‌ನ ಚಾರ್ಲ್ಸ್‌ಟನ್‌ವರೆಗಿನ ಈ ದಾರಿಯಲ್ಲಿ ಬರ್ಕ್‌ಷೈರ್ ಉಗಿ ಎಂಜಿನ್‌ಗಳು ಸರಕು ಗಾಡಿಗಳನ್ನು ಎಳೆಯುತ್ತಿದ್ದವು. ನಿಜದ ಮಾರ್ಗವನ್ನು ನೆಚ್ಚಿದರೆ ಊಹೆಗೆ ಕೆಲಸ ಕಡಿಮೆ. ಸೈಡಿಂಗ್ (ಪಕ್ಕದ ಹಳಿ) ಎಲ್ಲಿತ್ತು, ಎಷ್ಟು ಉದ್ದವಿತ್ತು, ಯಾವ ಗಾಡಿ ಎಲ್ಲಿ ಕಾಯುತ್ತಿತ್ತು ಎಂಬುದಕ್ಕೆಲ್ಲ ಹಳೆಯ ವೇಳಾಪಟ್ಟಿಗಳೂ ಹಳಿ ನಕ್ಷೆಗಳೂ ಉತ್ತರ ಕೊಡುತ್ತವೆ.

ದೂರ ಮಾತ್ರ ಕೈಗೆ ಸಿಕ್ಕುವುದಿಲ್ಲ. 1:87 ಅನುಪಾತದ ಎಚ್‌ಓ ಮಾದರಿಯಲ್ಲೂ ಒಂದು ಮೈಲಿಗೆ ಸುಮಾರು 60 ಅಡಿ ಬೇಕು. ಎಲ್ಲ ಊರುಗಳನ್ನೂ ಇಕ್ಕಟ್ಟಾಗಿ ತುರುಕುವುದಕ್ಕಿಂತ ಕೆಲವನ್ನು ಬಿಟ್ಟು, ಉಳಿದವುಗಳ ನಡುವೆ ರೈಲು ಓಡಲು ಜಾಗ ಕೊಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮಾರ್ಗದ ಎರಡು ತುದಿಗಳಲ್ಲಿ ಕಣ್ಣಿಗೆ ಬೀಳದ ಸ್ಟೇಜಿಂಗ್ ಯಾರ್ಡ್ ಇರುತ್ತದೆ. ದೂರದ ನಗರಗಳಿಂದ ಬಂದು ಹೋಗುವ ಗಾಡಿಗಳು ಅಲ್ಲಿ ಸರದಿಗಾಗಿ ನಿಲ್ಲುತ್ತವೆ.

ಆದೇಶ ಮತ್ತು ವೇಳಾಪಟ್ಟಿ

ಈ ಹವ್ಯಾಸದ ತಿರುಳು ಇಲ್ಲಿದೆ. ಉಗಿ ಯುಗದ ಅಮೆರಿಕದ ಏಕಮಾರ್ಗಗಳಲ್ಲಿ ರೈಲುಗಳಿಗೆ ದರ್ಜೆ ಇತ್ತು. ಮೊದಲ ದರ್ಜೆಯ ಗಾಡಿಗೆ ಎರಡನೆಯದು ದಾರಿ ಬಿಡಬೇಕು. ದರ್ಜೆ ಒಂದೇ ಆದರೆ ಯಾವ ದಿಕ್ಕಿನ ಗಾಡಿ ಮೇಲು ಎಂಬುದನ್ನು ವೇಳಾಪಟ್ಟಿ ಹೇಳುತ್ತದೆ. ಕೀಳು ಗಾಡಿ ಮೇಲಿನದು ಬರುವ ಮೊದಲೇ ಸೈಡಿಂಗ್ ಸೇರಿ ಮುಖ್ಯ ಹಳಿಯನ್ನು ತೆರವು ಮಾಡಬೇಕು. ‘ಎಕ್ಸ್‌ಟ್ರಾ’ ಗಾಡಿಗೆ ವೇಳಾಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಅದು ವೇಳಾಪಟ್ಟಿಯ ಎಲ್ಲ ಗಾಡಿಗಳಿಗೂ ದಾರಿ ಬಿಡಬೇಕು.

ಗಾಡಿ ತಡವಾದಾಗ, ಸಂಚಾರ ನಿಯಂತ್ರಿಸುವ ಡಿಸ್ಪ್ಯಾಚರ್ ಲಿಖಿತ ಆದೇಶದಿಂದ ಎದುರುಬದುರು ಗಾಡಿಗಳು ಭೇಟಿಯಾಗುವ ಊರನ್ನು ಬದಲಿಸುತ್ತಾನೆ. ಮನೆಯಲ್ಲೂ ಅವನನ್ನು ಬೇರೆ ಕೋಣೆಯಲ್ಲಿ ಕೂರಿಸುತ್ತಾರೆ. ಹಳಿ ಅವನ ಕಣ್ಣಿಗೆ ಬೀಳದು. ಯಾವ ಗಾಡಿ ಯಾವ ನಿಲ್ದಾಣ ದಾಟಿತೆಂದು ಫೋನಿನಲ್ಲಿ ಬರುವ ವರದಿಯೇ ಅವನಿಗೆ ಆಧಾರ. ಆದೇಶವನ್ನು ಬರೆದುಕೊಂಡ ನಿಲ್ದಾಣದ ಆಪರೇಟರ್ ಅದನ್ನು ಅಕ್ಷರಶಃ ತಿರುಗಿ ಓದಿ ಒಪ್ಪಿಸಬೇಕು. ಓಡುವ ಗಾಡಿಗೆ ಆ ಕಾಗದವನ್ನು ಬಳೆಯಂಥ ಹಿಡಿಕೆಗೆ ಸಿಕ್ಕಿಸಿ ದಾಟಿಸುತ್ತಿದ್ದರು. ನಮ್ಮ ಕಡೆಯ ಸಣ್ಣ ನಿಲ್ದಾಣಗಳಲ್ಲಿ ಚಾಲಕನಿಗೆ ಟೋಕನ್ ಬಳೆ ಕೊಡುವುದನ್ನು ಕಂಡವರಿಗೆ ಈ ನೋಟ ಪರಿಚಿತ. ಒಳಗಿನ ತರ್ಕ ಮಾತ್ರ ಬೇರೆ: ನಮ್ಮ ಟೋಕನ್ ಪದ್ಧತಿಯಲ್ಲಿ ಒಂದು ಟೋಕನ್ ಹೊರಗಿರುವಾಗ ಯಂತ್ರ ಇನ್ನೊಂದನ್ನು ಬಿಡುವುದಿಲ್ಲ. ಅಮೆರಿಕದ ಪದ್ಧತಿಯಲ್ಲಿ ರಕ್ಷಣೆ ಬಹುಪಾಲು ನಿಯಮ ತಿಳಿದ ಮನುಷ್ಯರ ಮೇಲೆಯೇ ನಿಂತಿತ್ತು. ಪುಟ್ಟ ಗಾಡಿಯನ್ನು ಸೈಡಿಂಗಿನಲ್ಲಿ ನಿಲ್ಲಿಸಿ ಎದುರಿನದಕ್ಕೆ ಕಾಯುವಾಗ ಆ ಹೊಣೆಯ ಭಾರ ತಿಳಿಯುತ್ತದೆ. ಯಾವ ಪುಸ್ತಕವೂ ಅದನ್ನು ಇಷ್ಟು ಚೆನ್ನಾಗಿ ಕಲಿಸಲಾರದು.

ಗಡಿಯಾರ, ಕೈಹಿಡಿ

ಮಾದರಿಯಲ್ಲಿ ಊರುಗಳು ಹತ್ತಿರವಾದುದರಿಂದ ಗಡಿಯಾರವನ್ನೂ ವೇಗವಾಗಿ ಓಡಿಸುತ್ತಾರೆ. ನಾಲ್ಕು ಪಟ್ಟು ವೇಗದಲ್ಲಿ ಮೂರು ಗಂಟೆಯ ಆಟ ಹನ್ನೆರಡು ಗಂಟೆಯ ಸಂಚಾರವಾಗುತ್ತದೆ. ಹಳಿ ಬದಲಿಸಿ ವ್ಯಾಗನ್ ಬಿಡಿಸುವ ಕೆಲಸ ಮಾತ್ರ ನಿಜದ ಹೊತ್ತನ್ನೇ ತಿನ್ನುತ್ತದೆ. ಆದ್ದರಿಂದ ಇಂಥ ಶಂಟಿಂಗ್ ಹೆಚ್ಚಿರುವ ಮಾರ್ಗಕ್ಕೆ ಕಡಿಮೆ ವೇಗವೇ ಒಳ್ಳೆಯದು. 1990ರ ದಶಕದಿಂದ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ನಿಯಂತ್ರಣ ಹರಡಿ ಪ್ರತಿ ಎಂಜಿನ್‌ಗೂ ಅದರದೇ ವಿಳಾಸ ಬಂತು. ಚಾಲಕ ಕೈಯಲ್ಲಿ ನಿಯಂತ್ರಕ ಹಿಡಿದು ತನ್ನ ಗಾಡಿಯ ಜೊತೆಗೇ ನಡೆಯಬಲ್ಲ.

ವ್ಯಾಗನ್‌ಗೊಂದು ಕಾರಣ

ಪ್ರತಿ ವ್ಯಾಗನ್‌ಗೂ ಒಂದು ಕಾರ್ಡು, ಅದರ ಜೇಬಿನಲ್ಲಿ ಒಂದು ವೇಬಿಲ್. ಎಲ್ಲಿಂದ, ಯಾರಿಗೆ, ಯಾವ ಸರಕು ಎಂದು ಅದರಲ್ಲಿರುತ್ತದೆ. ಚೀಟಿಯನ್ನು ತಿರುಗಿಸಿಟ್ಟರೆ ಮುಂದಿನ ಪಯಣ ಸಿದ್ಧ. ಧಾನ್ಯದ ಗೋದಾಮಿಗೆ ಖಾಲಿ ವ್ಯಾಗನ್ ತಲುಪಿಸಿ ತುಂಬಿದ್ದನ್ನು ತರುವಾಗ ಆ ಗೋದಾಮು ಬರೀ ರಟ್ಟಿನ ಕಟ್ಟಡವಾಗಿ ಉಳಿಯುವುದಿಲ್ಲ.

ಜಾಗ ಸಾಲದವರಿಗೆ

ದೊಡ್ಡ ನೆಲಮಾಳಿಗೆ ಇಲ್ಲದವರಿಗೆ ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್’ ಎಂಬ ಶಂಟಿಂಗ್ ಒಗಟು ಇದೆ. ಇದಕ್ಕೂ ಈಶಾನ್ಯ ಇಂಗ್ಲೆಂಡಿನ ಒಂದು ನಿಜದ ಸೈಡಿಂಗ್ ಸಮುಚ್ಚಯವೇ ಪ್ರೇರಣೆ. ಮೂರು ಸೈಡಿಂಗ್‌ಗಳಲ್ಲಿ ಒಂದರಲ್ಲಿ ಐದು, ಉಳಿದೆರಡರಲ್ಲಿ ಮೂರು ಮೂರು ವ್ಯಾಗನ್ ಹಿಡಿಯುತ್ತವೆ. ಎಂಟು ವ್ಯಾಗನ್‌ಗಳಲ್ಲಿ ಐದನ್ನು ಚೀಟಿ ಎತ್ತಿ, ಬಂದ ಕ್ರಮದಲ್ಲೇ ಜೋಡಿಸಬೇಕು. ಅಂಥ ಕ್ರಮಗಳು 6,720. ಪುಸ್ತಕದ ಕಪಾಟಿನ ಒಂದು ಹಲಗೆ ಅದಕ್ಕೆ ಸಾಕು.